ಮೂರು ನಲವತ್ತೇಳರ ಗೇಟು

ಮಾರ್ಚ್ ಇಪ್ಪತ್ತೇಳು, ಗುರುವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಬೇಕರಿ ಕೆಲಸಗಾರನ ಹೆಂಡತಿ ಠಾಣೆಗೆ ಬಂದಳು. ಹದಿನೈದು ದಿನದ ಹಿಂದೆ ಅವಳು ಇದೇ ಬೆಂಚಿನ ಮೇಲೆ ಕೂತು ಅತ್ತಿದ್ದಳು. ಈ ಸಲ ಅಳಲಿಲ್ಲ. ಪ್ಲಾಸ್ಟಿಕ್ ಕವರಿನಿಂದ ಒಂದು ಕಾಗದ ತೆಗೆದು, ಇನ್‌ಸ್ಪೆಕ್ಟರರಿಗೆ ಓದಲು ಅನುಕೂಲವಾಗುವಂತೆ ತಿರುಗಿಸಿ ಮೇಜಿನ ಮೇಲಿಟ್ಟಳು. ಕೆಳಗೆ ಅವರದೇ ಸಹಿ ಇತ್ತು.

“ಇದನ್ನ ವಾಪಸ್ ತಗೊಳ್ಳಿ ಸಾರ್. ಇದರಲ್ಲಿ ಬರೆದಿರೋದು ಸುಳ್ಳು.”

ಅದು ಅಸ್ವಾಭಾವಿಕ ಮರಣ ವರದಿಯ ನಕಲು. ಮಾರ್ಚ್ ಹನ್ನೊಂದು, ಮಂಗಳವಾರ, ಮಧ್ಯಾಹ್ನ ಮೂರು ನಲವತ್ತೆರಡಕ್ಕೆ ಕ್ವಾರಿ ಗುಡ್ಡದ ಬುಡದ ಸಾಲುಮನೆಯೊಂದರಲ್ಲಿ ಗೋಡೆ ಕುಸಿದಿತ್ತು. ಒಳಗೆ ಅವಳ ಗಂಡ ಮಲಗಿದ್ದ. ರಾತ್ರಿಯೆಲ್ಲ ಒಲೆಯ ಮುಂದೆ ನಿಂತು ಹಗಲು ನಿದ್ದೆ ಮಾಡುವ ಮನುಷ್ಯ. ಆ ನಿದ್ದೆಯಿಂದ ಏಳಲಿಲ್ಲ. ವರದಿಯ ಕೊನೆಯ ಸಾಲನ್ನು ಇನ್‌ಸ್ಪೆಕ್ಟರರು ಈಗ ಬೇರೆ ಯಾರೋ ಬರೆದದ್ದೆಂಬಂತೆ ಓದಿದರು: ‘ಲಘು ಭೂಕಂಪದಿಂದ ಗೋಡೆ ಕುಸಿದು ಸಂಭವಿಸಿದ ಸಾವು, ಯಾರ ಮೇಲೂ ಅನುಮಾನವಿಲ್ಲ.’ ಅದನ್ನು ಬರೆಯಲು ಒಂದು ಲೋಟ ಚಹಾ ಆರುವಷ್ಟು ಹೊತ್ತೂ ಹಿಡಿದಿರಲಿಲ್ಲ ಎಂಬುದು ಅವರಿಗೆ ನೆನಪಿತ್ತು.

“ಸುಳ್ಳು ಅಂತ ಹೇಗೆ ಹೇಳ್ತೀರಮ್ಮ?”

“ಅವರ ಬದಲಿಗೆ ಈಗ ನಾನು ಬೇಕರಿ ಕೌಂಟರಲ್ಲಿ ನಿಲ್ತೀನಿ. ಕ್ವಾರಿ ಲಾರಿ ಡ್ರೈವರುಗಳು ಬರ್ತಾರೆ. ನಾನು ಯಾರು ಅಂತ ಗೊತ್ತಿಲ್ಲದೆ ಮಾತಾಡ್ಕೊಂಡ್ರು. ಹನ್ನೊಂದನೇ ತಾರೀಖು ಎರಡು ದಿನದ ಮದ್ದು ಒಂದೇ ಸಲ ಹಾರಿಸಿದ್ರಂತೆ.”

“ಅವರ ಹೆಸರು?”

“ಬ್ರೆಡ್ ಕೊಳ್ಳೋರ ಹೆಸರು ಕೇಳಕ್ಕಾಗುತ್ತಾ ಸಾರ್?” ಅವಳು ಕವರನ್ನು ನಾಲ್ಕಾಗಿ ಮಡಿಸಿದಳು. “ಇಡೀ ಸಾಲಲ್ಲಿ ಗುಡ್ಡದ ಕಡೆ ಇರೋ ಒಂದೇ ಗೋಡೆ ಬಿತ್ತು. ಭೂಕಂಪಕ್ಕೆ ನಮ್ಮನೆ ವಿಳಾಸ ಯಾರು ಕೊಟ್ರು?”

ಇನ್‌ಸ್ಪೆಕ್ಟರರು ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡರು.

“ನಮ್ಮತ್ತೆ ದಿನಾ ಹೇಳ್ತಾರೆ, ಹಣೆಬರಹ ಕಣೇ, ಸುಮ್ಮನಿರು ಅಂತ. ಹಣೆಬರಹ ಆದ್ರೆ ಸುಮ್ಮನಿರ್ತೀನಿ. ಯಾರಾದ್ರೂ ಕೊಂದಿದ್ರೆ ಕೊಂದ್ರು ಅಂತ ಬರೀರಿ. ನನಗೆ ಬೇರೇನೂ ಬೇಡ.”

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಇನ್‌ಸ್ಪೆಕ್ಟರರು ದಫೇದಾರರನ್ನು ಕರೆದುಕೊಂಡು ಕ್ವಾರಿಗೆ ಹೋದರು. ದಫೇದಾರರಿಗೆ ನಿವೃತ್ತಿಗೆ ಏಳು ತಿಂಗಳಿತ್ತು. ಬಾಯಿಗೆ ಬೀಗ ಹಾಕುವ ಅಭ್ಯಾಸ ಇರಲಿಲ್ಲ. ಕ್ವಾರಿ ಮ್ಯಾನೇಜರ್ ಎದ್ದು ನಿಂತು ಕುರ್ಚಿ ಒರೆಸಿ ಕೊಟ್ಟ, ಕೇಳುವ ಮೊದಲೇ ಸಿಡಿಮದ್ದಿನ ರಿಜಿಸ್ಟರ್ ತಂದಿಟ್ಟ. ಹನ್ನೊಂದನೇ ತಾರೀಖಿನ ಮುಂದೆ ‘ಸಿಡಿತ ಇಲ್ಲ’ ಎಂದು ಬರೆದಿತ್ತು.

ದಫೇದಾರರು ಪುಟಗಳನ್ನು ಹಿಂದೆ ಮುಂದೆ ಮಗುಚಿದರು. “ಬೇರೆ ಪುಟಕ್ಕೆಲ್ಲ ಬೆರಳಿನ ಧೂಳಿದೆ ಸಾರ್. ಇದೊಂದು ಈಗಷ್ಟೇ ಸ್ನಾನ ಮಾಡಿ ಬಂದ ಹಾಗಿದೆ.”

“ಪುಟದ ಮೇಲೆ ಚಹಾ ಚೆಲ್ಲಿತ್ತು, ನಕಲು ಮಾಡಿಸಿದ್ವಿ,” ಎಂದ ಮ್ಯಾನೇಜರ್. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. “ಪುಸ್ತಕ ಹಾಗಿರಲಿ ಸಾರ್. ಭೂಕಂಪ ಅಂತ ನಾವಾ ಹೇಳಿದ್ದು? ಕಂಪನದ ಮೇಷ್ಟ್ರು ಹೇಳಿದ್ದು, ಪೇಪರಿನವರು ಬರೆದದ್ದು, ನೀವು ಸಹಿ ಹಾಕಿದ್ದು. ಹನ್ನೊಂದು ವರ್ಷದಿಂದ ನಮ್ಮ ಮೇಲೆ ಹಲ್ಲು ಮಸೀತಾ ಇರೋ ಮನುಷ್ಯ ಆತ. ನಮ್ಮ ಶತ್ರುನೇ ನಮ್ಮದಲ್ಲ ಅಂದಮೇಲೆ ಸ್ನೇಹಿತರು ಬಂದು ಅನುಮಾನಪಟ್ರೆ ಹೇಗೆ?”

ಸಿಡಿಮದ್ದು ಇಡುವ ಕೆಲಸದವನನ್ನು ಕರೆಸಿದರು. ಅವನು ಮ್ಯಾನೇಜರ್ ಮುಖ ನೋಡಿ ‘ಇಲ್ಲ ಸಾರ್’ ಎಂದ. ಮೂರು ಪ್ರಶ್ನೆಗೂ ಅದೊಂದೇ ಉತ್ತರ.

ಇನ್‌ಸ್ಪೆಕ್ಟರರು ಜೀಪು ಹತ್ತಿದರು. ಮ್ಯಾನೇಜರ್ ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗುತ್ತಿರಲಿಲ್ಲ. ಕಂಪನದ ಮೇಷ್ಟ್ರು ನಿಜಕ್ಕೂ ಮೇಷ್ಟ್ರಲ್ಲ. ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಸಾಮಾನು ಎತ್ತಿಕೊಟ್ಟ ಅಟೆಂಡರ್. ನಿವೃತ್ತಿಯಾದ ಮೇಲೆ ಸುರುಳಿ ತಂತಿ, ಅಯಸ್ಕಾಂತ, ಸ್ಪ್ರಿಂಗು ಸೇರಿಸಿ ನೆಲದ ನಡುಕ ದಾಖಲಿಸುವ ಡಬ್ಬಿಯೊಂದನ್ನು ಮಾಡಿ ಮೆಟ್ಟಿಲ ಕೆಳಗೆ ಇಟ್ಟುಕೊಂಡಿದ್ದರು. ಕ್ವಾರಿಯಲ್ಲಿ ಮಿತಿ ಮೀರಿ ಮದ್ದು ಹಾರಿಸಿದಾಗಲೆಲ್ಲ ಗೆರೆಯ ಚಿತ್ರ ಅಂಟಿಸಿ ಠಾಣೆಗೆ ಅರ್ಜಿ ಕೊಡುತ್ತಿದ್ದರು. ಅಡ್ಡಹೆಸರು ಇಟ್ಟದ್ದೇ ಠಾಣೆಯವರು. ಅಂಥವರು ಈ ಒಂದು ಸಲ ‘ಇದು ಸಿಡಿತವಲ್ಲ, ಭೂಕಂಪ’ ಎಂದಾಗ ನಂಬದೆ ಇರುವುದಕ್ಕೆ ಯಾರಿಗೂ ಕಾರಣ ಇರಲಿಲ್ಲ.

ಊರಿನಲ್ಲಿ ಅಂಥ ಇನ್ನೊಂದು ಡಬ್ಬಿ ಇತ್ತು. ಗುಡ್ಡದ ಆಚೆ ಬದಿ, ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ, ರೋಗಿಗಳು ಬರುವ ಮೊದಲು, ಇನ್‌ಸ್ಪೆಕ್ಟರರು ಅಲ್ಲಿದ್ದರು.

“ಡಬ್ಬಿ ರೋಗಿಗಳ ಕುರ್ಚಿಯ ಪಕ್ಕದ ಕೋಣೆಯಲ್ಲೇ ಇದೆ,” ಎಂದರು ಡಾಕ್ಟರಮ್ಮ. “ಡಬ್ಬಿ ಇಟ್ಟ ಮೇಲೇ ನನಗೆ ಗೊತ್ತಾಗಿದ್ದು, ನನ್ನ ರೋಗಿಗಳು ಎಷ್ಟು ನಡುಗ್ತಾರೆ ಅಂತ. ಕೂತ್ಕೊಳ್ಳಿ. ಅಲ್ಲಲ್ಲ, ಆ ಕುರ್ಚಿ ಬೇಡ.”

“ಭೂಕಂಪ ಯಾವುದು, ಸಿಡಿತ ಯಾವುದು ಅಂತ ಹೇಗೆ ಹೇಳ್ತೀರಿ?”

“ನಾನು ಹೇಳಲ್ಲ ಸಾರ್. ಗೆರೆ ಓದೋದು ಮೇಷ್ಟ್ರು, ನಾನು ಕಲಿಯೋಳು. ಆದರೆ ಸರಳ.” ಅವರು ಮೇಜಿನ ಮೇಲೆ ಮುಷ್ಟಿ ಇಟ್ಟು ಬೆರಳುಗಳನ್ನು ಥಟ್ಟನೆ ಬಿಡಿಸಿದರು. “ಮದ್ದು ಸಿಡಿದರೆ ನೆಲವನ್ನ ಎಲ್ಲ ದಿಕ್ಕಿಗೂ ಹೊರಗೆ ತಳ್ಳುತ್ತೆ. ಸುತ್ತ ಎಲ್ಲಿ ಡಬ್ಬಿ ಇಟ್ಟಿದ್ದರೂ ಗೆರೆಯ ಮೊದಲ ಏಟು ಮೇಲಕ್ಕೇ ಬರುತ್ತೆ. ಭೂಕಂಪದಲ್ಲಿ ಬಂಡೆ ಜಾರುತ್ತೆ. ಒಂದು ಕಡೆ ತಳ್ಳುತ್ತೆ, ಇನ್ನೊಂದು ಕಡೆ ಎಳೆಯುತ್ತೆ. ಹಾಗಾಗಿ ಒಬ್ಬರಿಗೆ ಮೊದಲ ಏಟು ಮೇಲೆ, ಇನ್ನೊಬ್ಬರಿಗೆ ಕೆಳಗೆ.”

“ಹನ್ನೊಂದನೇ ತಾರೀಖು?”

“ನನ್ನದು ಮೇಲೆ. ಅವರದು ಕೆಳಗೆ. ಅಲ್ಲಿಗೆ ಮುಗೀತು.”

“ಡಬ್ಬಿ ತಪ್ಪು ಹೇಳುತ್ತಾ?”

“ಎರಡು ವೈರ್ ಅದಲುಬದಲಾದ್ರೆ ಮೇಲಿನದು ಕೆಳಗೆ ಕಾಣುತ್ತೆ. ಹಾಗೇನಾದ್ರೂ ಆಗಿದ್ರೆ ಎಲ್ಲಾನೂ ತಲೆಕೆಳಗಾಗಬೇಕು. ಹದಿನೈದಕ್ಕೆ ದೂರದ ಸಮುದ್ರದಡಿ ದೊಡ್ಡ ಭೂಕಂಪ ಆಯ್ತಲ್ಲ, ಅಷ್ಟು ದೂರದ್ದು ಇಬ್ಬರಿಗೂ ಒಂದೇ ಥರ ಬರುತ್ತೆ. ಬಂದಿದೆ. ಪ್ರತಿ ಭಾನುವಾರ ನಾವು ಒಬ್ಬರದನ್ನ ಒಬ್ಬರಿಗೆ ಕಳಿಸ್ತೀವಿ, ನಾನೇ ಹೋಲಿಸಿ ನೋಡಿದ್ದೀನಿ. ಅವರ ವೈರ್ ಸರಿಯಾಗೇ ಇದೆ.”

ಗುಡ್ಡ ಅಗೆದು ಇಲಿಯೂ ಸಿಗಲಿಲ್ಲ ಎಂದುಕೊಂಡು ಇನ್‌ಸ್ಪೆಕ್ಟರರು ಎದ್ದರು. ಆದರೂ ಪಂಚನಾಮೆ ಮಾಡದೆ ಬಿಡುವಂತಿರಲಿಲ್ಲ.

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಇಬ್ಬರು ಪಂಚರೊಂದಿಗೆ ಕಂಪನದ ಮೇಷ್ಟ್ರ ಮನೆಗೆ ಹೋದರು. ಬಾಗಿಲಿಗೆ ಎದುರಾಗಿ, ಮೊದಲು ಕಣ್ಣಿಗೆ ಬೀಳುವ ಜಾಗದಲ್ಲಿ, ಹನ್ನೆರಡನೇ ತಾರೀಖಿನ ಪತ್ರಿಕೆಯ ತುಣುಕಿಗೆ ಚೌಕಟ್ಟು ಹಾಕಿಸಿ ನೇತುಹಾಕಿತ್ತು: ‘ನಮ್ಮೂರಿನ ಭೂಕಂಪ ತಜ್ಞ’. ಪಕ್ಕದಲ್ಲಿ ಕಾಲೇಜಿನ ವೇದಿಕೆಯ ಮೇಲೆ ಪ್ರಿನ್ಸಿಪಾಲರ ಬಲಗಡೆ ಕೂತ ಫೋಟೊ. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಪಂಚರಿಗೆ ಡಬ್ಬಿಯ ಬಗ್ಗೆ ತಾವೇ ವಿವರಿಸಿದರು, ಸ್ಪ್ರಿಂಗಿನ ತೂಕ ಸಮೇತ.

“ಆ ದಿನ ಡಬ್ಬಿ ಮುಟ್ಟಿದ್ರಾ?”

“ಇಲ್ಲ.”

ಗೋಡೆಗೆ ನೇತುಹಾಕಿದ್ದ ದಿನಚರಿಯಲ್ಲಿ ಹನ್ನೊಂದರ ಮುಂದೆ ಪೆನ್ಸಿಲಿನಲ್ಲಿ ‘ಇರುವೆ’ ಎಂದಿತ್ತು.

“ಇದೇನು?”

“ಇರುವೆ ಹತ್ತಿದ್ವು. ಹೊರಗಿನಿಂದ ಒರೆಸಿದೆ. ಅದನ್ನ ಮುಟ್ಟೋದು ಅಂತಾರಾ?”

ದಫೇದಾರರು ಪಂಚನಾಮೆ ಬರೆಯತೊಡಗಿದರು. ಇನ್‌ಸ್ಪೆಕ್ಟರರು ಕಂಪ್ಯೂಟರ್ ಪರದೆಯ ಮೇಲೆ ಎಡದಿಂದ ಬಲಕ್ಕೆ ತೆವಳುತ್ತಿದ್ದ ಗೆರೆಯನ್ನು ನೋಡುತ್ತ ನಿಂತರು. ಬೀದಿಯಲ್ಲಿ ಲಾರಿ ಹೋದರೆ ಗೆರೆ ಒರಟಾಗುತ್ತಿತ್ತು, ಆಮೇಲೆ ತಣ್ಣಗಾಗುತ್ತಿತ್ತು. ಮೂರು ನಲವತ್ತೇಳಕ್ಕೆ ಹೊರಗೆ ಧಡ್ ಎಂದು ಶಬ್ದವಾಯಿತು. ಗೆರೆ ಚಿಮ್ಮಿ ಮೊದಲು ಮೇಲಕ್ಕೆ, ಆಮೇಲೆ ಕೆಳಕ್ಕೆ ಹೊಡೆದು ನಿಂತಿತು.

“ಅದೇನು?”

“ಯಾವುದು?” ಮೇಷ್ಟ್ರು ಕತ್ತು ತಿರುಗಿಸಲಿಲ್ಲ. “ಓ, ಅದು ಏನಿಲ್ಲ. ಗದ್ದಲ. ಮನೆಯವಳು ಬಂದಳು.”

ಮೇಷ್ಟ್ರ ಹೆಂಡತಿ ಆಸ್ಪತ್ರೆಯಲ್ಲಿ ಆಯಾ. ಬೆಳಗಿನ ಪಾಳಿ ಮುಗಿಸಿ, ಕೈಚೀಲ ಹಿಡಿದು ಒಳಗೆ ಬಂದವರು ಪೊಲೀಸರನ್ನು ಕಂಡು ಬಾಗಿಲಲ್ಲೇ ನಿಂತರು. ಇನ್‌ಸ್ಪೆಕ್ಟರರು ಹೊರಗೆ ಹೋಗಿ ಗೇಟು ನೋಡಿದರು. ಕಬ್ಬಿಣದ ಹಳೆಯ ಗೇಟು. ಮೇಲಿನ ತಿರುಗಣಿ ಕಿತ್ತು ಒಂದು ಕಡೆ ಜೋತುಬಿದ್ದಿತ್ತು. ಮುಚ್ಚಬೇಕಾದರೆ ಎರಡೂ ಕೈಯಿಂದ ಎತ್ತಿ, ಸಿಮೆಂಟಿನ ಹೊಸ್ತಿಲ ಮೇಲೆ ಬಿಡಬೇಕು.

“ದಿನಾ ಇದೇ ಹೊತ್ತಿಗೆ ಬರ್ತೀರಾ ಅಮ್ಮ?”

“ಬಸ್ಸು ಇದೇ ಹೊತ್ತಿಗಲ್ವಾ ಸಾರ್. ಅದು ಒಂದು ನಿಮಿಷ ಆಚೆ ಈಚೆ ಆಗಲ್ಲ.”

“ಹನ್ನೊಂದನೇ ತಾರೀಖು?”

“ಅವತ್ತೂ. ಬಸ್ಸಲ್ಲಿ ಇದ್ದೆ, ಊರೆಲ್ಲ ಗುಂಯ್ ಅಂತು. ಬಂದು ನೋಡಿದ್ರೆ ಇವರು ಕುಣೀತಾ ಇದ್ರು.” ಒಳಗಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಈ ಗೇಟು ಸರಿ ಮಾಡಿಸಿ ಅಂತ ವರ್ಷಾನುಗಟ್ಟಲೆ ಹೇಳಿದ್ದೀನಿ. ಪಾತಾಳದಲ್ಲಿ ಬಾಗಿಲು ತೆಗೆದ್ರೂ ಕೇಳುತ್ತೆ ಇವರಿಗೆ. ಮನೆ ಗೇಟು ಮಾತ್ರ ಕೇಳಲ್ಲ.”

ಡಬ್ಬಿಯನ್ನೂ ಕಂಪ್ಯೂಟರನ್ನೂ ಜಪ್ತಿ ಮಾಡಿ ನಾಲ್ಕೂವರೆಗೆ ಹೊರಟರು.

ಭಾನುವಾರ ಡಾಕ್ಟರಮ್ಮ ಠಾಣೆಗೆ ಬಂದು, ಜಪ್ತಿಯಾದ ದಾಖಲೆಯ ನಕಲಿನಿಂದ ಮಾರ್ಚ್ ಮೂರರಿಂದ ಒಂದೊಂದು ದಿನದ್ದೂ ಮೂರೂವರೆಯಿಂದ ನಾಲ್ಕರವರೆಗಿನ ಗೆರೆಯನ್ನು ಮುದ್ರಿಸಿ ಕೊಟ್ಟರು. ಯಾಕೆಂದು ಕೇಳಲಿಲ್ಲ, ಇನ್‌ಸ್ಪೆಕ್ಟರರೂ ಹೇಳಲಿಲ್ಲ. ಹಾಳೆಗಳನ್ನು ಒಂದರ ಕೆಳಗೊಂದು ನೆಲದ ಮೇಲೆ ಹಾಸಿ, ಶೂ ಬಿಚ್ಚಿ, ಇನ್‌ಸ್ಪೆಕ್ಟರರು ಮಂಡಿಯೂರಿದರು.

ಮೂರನೇ ತಾರೀಖು, ಮೂರು ನಲವತ್ತೇಳು: ಗೇಟಿನ ಏಟು ಮೇಲಕ್ಕೆ. ನಾಲ್ಕು, ಮೇಲಕ್ಕೆ. ಐದು, ಆರು, ಏಳು, ಎಂಟು, ಮೇಲಕ್ಕೆ. ಒಂಬತ್ತು ಭಾನುವಾರ, ಪಾಳಿ ಇಲ್ಲ, ಗೆರೆ ಸಪಾಟು. ಹತ್ತು, ಮೇಲಕ್ಕೆ.

ಹನ್ನೊಂದು, ಕೆಳಕ್ಕೆ.

ಹನ್ನೆರಡು, ಮೇಲಕ್ಕೆ. ಹದಿಮೂರು, ಹದಿನಾಲ್ಕು, ಭಾನುವಾರಗಳನ್ನು ಬಿಟ್ಟು ಕೊನೆಯ ಹಾಳೆಯವರೆಗೂ ಮೇಲಕ್ಕೆ.

ದಫೇದಾರರು ಬಗ್ಗಿ ನೋಡಿದರು. “ಆಯಮ್ಮ ಅವತ್ತೊಂದು ದಿನ ತಲೆಕೆಳಗಾಗಿ ನಡ್ಕೊಂಡು ಬಂದ್ರಾ ಸಾರ್?”

ಡಾಕ್ಟರಮ್ಮ ನಗಲಿಲ್ಲ. ಹನ್ನೊಂದರ ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದರು. ಮೂರು ಮೂವತ್ತೈದರಲ್ಲಿ ಗೆರೆ ಸಣ್ಣಗೆ ತುಂಡಾಗಿತ್ತು. ಮೂರು ಐವತ್ತೈದರಲ್ಲಿ ಇನ್ನೊಮ್ಮೆ. ಹುಡುಕುವವರಿಗೆ ಮಾತ್ರ ಕಾಣುವಷ್ಟು.

“ಈ ಇಪ್ಪತ್ತು ನಿಮಿಷ ಮಾತ್ರ ಮಗುಚಿದೆ,” ಎಂದರು ನಿಧಾನವಾಗಿ. “ಇದನ್ನ ನೆಟ್ಟಗೆ ಮಾಡಿದ್ರೆ ಗೇಟಿನ ಏಟು ಮೇಲಕ್ಕೆ ಬರುತ್ತೆ. ಅದರ ಜೊತೆ ಇದೂ ಮೇಲಕ್ಕೆ.” ಅವರ ಉಗುರು ಮೂರು ನಲವತ್ತೆರಡರ ಮೇಲೆ ನಿಂತಿತ್ತು. “ನನ್ನದೂ ಮೇಲೆ, ಅವರದೂ ಮೇಲೆ. ಇದು ಭೂಕಂಪ ಅಲ್ಲ ಸಾರ್.” ಹಾಳೆಯನ್ನು ವಾಪಸ್ ನೆಲಕ್ಕಿಟ್ಟು ಹೇಳಿದರು: “ಅವರೇ ನನಗೆ ಕಲಿಸಿದ್ದು.”

ಮಾರ್ಚ್ ಮೂವತ್ತೊಂದು, ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮೇಷ್ಟ್ರನ್ನು ಠಾಣೆಗೆ ಕರೆಸಿದರು. ಅವರು ಅದೇ ಇಸ್ತ್ರಿ ಅಂಗಿಯಲ್ಲಿ ಬಂದರು, ಸಾಕ್ಷಿ ಹೇಳಲು ಬಂದವರ ಹಾಗೆ. ಇನ್‌ಸ್ಪೆಕ್ಟರರು ಮೂರು ಹಾಳೆ ಮುಂದಿಟ್ಟರು: ಹತ್ತು, ಹನ್ನೊಂದು, ಹನ್ನೆರಡು.

“ಮೂರು ನಲವತ್ತೇಳು ನೋಡಿ.”

“ಅಲ್ಲೇನೂ ಇಲ್ಲ.”

“ಇನ್ನೊಂದು ಸಲ ನೋಡಿ.”

ಮೇಷ್ಟ್ರು ಕನ್ನಡಕ ಏರಿಸಿಕೊಂಡರು. ಬಹಳ ಹೊತ್ತು ನೋಡಿದರು. ಹತ್ತನೆಯದು, ಹನ್ನೊಂದನೆಯದು, ಮತ್ತೆ ಹತ್ತನೆಯದು. ಇನ್‌ಸ್ಪೆಕ್ಟರರು ಅವಸರ ಮಾಡಲಿಲ್ಲ. ಕೊನೆಗೆ ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು, ಒರೆಸುವುದನ್ನು ನಿಲ್ಲಿಸಲಿಲ್ಲ.

“ಹೇಳಿ.”

“ಇರುವೆ ಒಳಗೆ ಹೋಗಿದ್ವು. ಹನ್ನೊಂದರ ಬೆಳಿಗ್ಗೆ ಬಿಚ್ಚಿದೆ. ಕೂಡಿಸೋವಾಗ ಕೆಂಪು ಜಾಗದಲ್ಲಿ ಕಪ್ಪು ಸಿಕ್ಕಿಸಿದ್ದೀನಿ. ಗೊತ್ತಾಗಲಿಲ್ಲ.”

“ಮೂರು ನಲವತ್ತೆರಡಕ್ಕೆ?”

“ಕೆಳಗೆ ಹೊಡೀತು. ಡಾಕ್ಟರಮ್ಮಂಗೆ ಫೋನ್ ಮಾಡಿದೆ, ಅವರದು ಮೇಲೆ ಅಂದ್ರು. ಹನ್ನೊಂದು ವರ್ಷ ಕಾದಿದ್ದೆ ಸಾರ್. ನಮ್ಮ ನೆಲದ್ದೇ ಒಂದು ಭೂಕಂಪ. ಒಂದು ಗಂಟೆ ಒಳಗೆ ಪೇಪರಿನವರಿಗೆ ಹೇಳಿದೆ. ಅಲ್ಲೀತನಕ ನಾನು ಸುಳ್ಳು ಹೇಳಿಲ್ಲ.”

“ತಪ್ಪು ಯಾವಾಗ ಗೊತ್ತಾಯ್ತು?”

“ಹದಿನೈದಕ್ಕೆ. ಆ ದೂರದ ಭೂಕಂಪ ನನ್ನದರಲ್ಲಿ ತಲೆಕೆಳಗಾಗಿ ಬಂತು. ನೋಡಿದ ತಕ್ಷಣ ಡಬ್ಬಿ ಇಳಿಸಿದೆ. ಬಿಚ್ಚಿ ನೋಡಿದೆ. ಕಪ್ಪು ವೈರು.”

“ಆಮೇಲೆ?”

“ವೈರ್ ಸರಿ ಮಾಡಿದೆ. ಮಾರನೇ ದಿನ ಡಾಕ್ಟರಮ್ಮಂಗೆ ಕಳಿಸಬೇಕಿತ್ತು. ಹನ್ನೊಂದರಿಂದ ಆಚೆಗಿನದನ್ನೆಲ್ಲ ಕಂಪ್ಯೂಟರಲ್ಲಿ ನೆಟ್ಟಗೆ ಮಾಡಿದೆ. ಆ ಇಪ್ಪತ್ತು ನಿಮಿಷ ಮುಟ್ಟಲಿಲ್ಲ. ಅದು ಆಗಲೇ ಪೇಪರಲ್ಲಿ ಬಂದಿತ್ತು. ನಿಮ್ಮ ಫೈಲಲ್ಲೂ ಇತ್ತು.”

“ತಪ್ಪಾಯ್ತು ಅಂತ ಹೇಳಬಹುದಿತ್ತು.”

“ಹದಿನೇಳಕ್ಕೆ ಕಾಲೇಜಲ್ಲಿ ಭಾಷಣ ಇತ್ತು,” ಎಂದರು ಮೇಷ್ಟ್ರು. ಅದೊಂದು ಉತ್ತರವೇ ಅಲ್ಲವೆಂಬುದು ಅವರಿಗೇ ಕೇಳಿಸಿತೇನೋ, ತಲೆ ತಗ್ಗಿಸಿದರು. “ಮೂವತ್ತು ವರ್ಷ ಅದೇ ಕಾಲೇಜಲ್ಲಿ ಬೇರೆಯವರ ಭಾಷಣಕ್ಕೆ ಬೋರ್ಡು ಒರೆಸಿದ್ದೀನಿ.”

“ಆ ಹೆಂಗಸಿನ ನೆನಪಾಗಲಿಲ್ವಾ?”

“ಆಯ್ತು. ದಿನಾ ಆಗ್ತಿತ್ತು. ಸತ್ತವನು ಹೇಗೆ ಸತ್ತ ಅಂತ ತಿಳಿದರೆ ಎದ್ದು ಬರ್ತಾನಾ ಅಂದ್ಕೊಂಡೆ.” ಆಮೇಲೆ ಅವರು ಮೊದಲ ಸಲ ಇನ್‌ಸ್ಪೆಕ್ಟರರ ಮುಖವನ್ನು ನೇರವಾಗಿ ನೋಡಿದರು. “ನಿಮ್ಮ ಠಾಣೆಗೆ ನೂರಾ ಹದಿನಾರು ಅರ್ಜಿ ಕೊಟ್ಟಿದ್ದೀನಿ ಸಾರ್. ಎಲ್ಲಾನೂ ನಿಜ. ಇಷ್ಟು ಗಂಟೆಗೆ ಇಷ್ಟು ಮದ್ದು ಹಾರಿಸಿದ್ರು, ಇವತ್ತಲ್ಲ ನಾಳೆ ಆ ಸಾಲುಮನೆ ಬೀಳುತ್ತೆ ಅಂತಾನೂ ಬರೆದಿದ್ದೆ. ಒಂದಕ್ಕೂ ಉತ್ತರ ಬರಲಿಲ್ಲ. ತಪ್ಪು ಹೇಳಿದ್ದು ಒಂದೇ ಸಲ. ಮಾರನೇ ದಿನ ಬೆಳಿಗ್ಗೆ ನಿಮ್ಮ ಜೀಪೇ ನಮ್ಮ ಬಾಗಿಲಿಗೆ ಬಂತು.”

ಇನ್‌ಸ್ಪೆಕ್ಟರರು ದಫೇದಾರರ ಕಡೆ ತಿರುಗಿದರು. “ಆ ಅರ್ಜಿಗಳು ಎಲ್ಲಿವೆ?”

ದಫೇದಾರರು ಮೂಲೆಯ ಕಬ್ಬಿಣದ ಬೀರುವಿನ ಹತ್ತಿರ ಹೋಗಿ, ಭುಜ ಕೊಟ್ಟು ಅದನ್ನು ಒಂದಿಷ್ಟು ಎತ್ತಿ, ಗಿಡ್ಡವಾಗಿದ್ದ ಕಾಲಿನಡಿಯಿಂದ ಒಂದು ಕಟ್ಟನ್ನು ಎಳೆದರು. ನಾಲ್ಕಾಗಿ ಮಡಿಸಿ ದಾರ ಸುತ್ತಿದ್ದ ಕಾಗದಗಳು. ನಡುವೆ ಬೀರುವಿನ ಕಾಲಿನ ಗುರುತು ಚೌಕವಾಗಿ ಅಚ್ಚೊತ್ತಿತ್ತು. ಉಳಿದವು ಬೀರುವಿನ ಒಳಗೆ, ಕೆಳಗಿನ ಖಾನೆಯಲ್ಲಿ, ಹಳೆಯ ಬೀಗಗಳ ಅಡಿಯಲ್ಲಿ ಸಿಕ್ಕವು.

ಕಟ್ಟು ಮೇಜಿನ ಮೇಲೆ ಬಂದಾಗ ಮೇಷ್ಟ್ರು ಅದನ್ನು ನೋಡಲಿಲ್ಲ. ಇನ್‌ಸ್ಪೆಕ್ಟರರು ಮೇಲಿನದನ್ನು ಬಿಡಿಸಿ ಓದಿದರು. ಅಕ್ಷರ ದುಂಡಗಿತ್ತು. ಒಂದು ಕಾಗುಣಿತವೂ ತಪ್ಪಿರಲಿಲ್ಲ.

ಹನ್ನೆರಡು ನಲವತ್ತಕ್ಕೆ, ಸಾಕ್ಷ್ಯ ತಿದ್ದಿ ತನಿಖೆಯ ದಾರಿ ತಪ್ಪಿಸಿದ ಆರೋಪದ ಮೇಲೆ ಮೇಷ್ಟ್ರ ಬಂಧನವಾಯಿತು. ಎರಡು ಗಂಟೆಗೆ ಕ್ವಾರಿಯಲ್ಲಿ ಮದ್ದು ಇಡುವವನಿಗೆ ಎರಡೂ ಡಬ್ಬಿಗಳ ಗೆರೆಯನ್ನು ತೋರಿಸಿದಾಗ ಅವನು ಕಾಗದಕ್ಕಿಂತ ಹೆಚ್ಚಾಗಿ ನೆಲವನ್ನೇ ನೋಡಿದ. ಮ್ಯಾನೇಜರ್ ಅಲ್ಲಿರಲಿಲ್ಲ. “ಎರಡು ದಿನದ್ದು ಒಟ್ಟಿಗೆ ಇಡು ಅಂದ್ರು ಸಾರ್,” ಎಂದ. ಎರಡು ಮೂವತ್ತಕ್ಕೆ ಅವನೂ ಮ್ಯಾನೇಜರೂ ಬಂಧನದಲ್ಲಿದ್ದರು.

ಬಂಧನದ ಸುದ್ದಿಯನ್ನು ಮನೆಯವರಿಗೆ ಲಿಖಿತವಾಗಿ ಮುಟ್ಟಿಸಬೇಕು. ಕಾನ್‌ಸ್ಟೇಬಲನನ್ನು ಕಳಿಸಬಹುದಿತ್ತು, ಇನ್‌ಸ್ಪೆಕ್ಟರರು ತಾವೇ ಹೋಗಿ ಗೇಟಿನ ಒಳಗೆ ನಿಂತರು. ಮೂರು ನಲವತ್ತೈದಕ್ಕೆ ಬಸ್ಸು ಬಂತು. ಮೇಷ್ಟ್ರ ಹೆಂಡತಿ ಕೈಚೀಲವನ್ನು ಕತ್ತಿಗೆ ನೇತುಹಾಕಿಕೊಂಡು ಎರಡೂ ಕೈ ಖಾಲಿ ಮಾಡಿಕೊಳ್ಳುತ್ತ ಬಂದರು, ಗೇಟು ಎತ್ತಲಿಕ್ಕೆ. ನಿಂತಲ್ಲೇ ಕಾಗದ ಓದಿದರು. ಓದಿ ಮುಗಿದ ಮೇಲೂ ಅದನ್ನೇ ನೋಡುತ್ತಿದ್ದರು.

“ಹೇಗೆ ಗೊತ್ತಾಯ್ತು ಸಾರ್?”

“ಗೇಟಿನಿಂದ. ನೀವು ದಿನಾ ಮುಚ್ಚೋದು ಅದರಲ್ಲಿ ಬರ್ತಿತ್ತು. ಅದೊಂದನ್ನ ಅವರು ಗಮನಿಸಿಲ್ಲ.”

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ನಾನು ಬಂದದ್ದು ದಿನಾ ಅಲ್ಲಿ ಬರ್ತಿತ್ತಾ?”

“ದಿನಾ.”

“ಇಷ್ಟು ವರ್ಷ?”

ಇನ್‌ಸ್ಪೆಕ್ಟರರು ತಲೆಯಾಡಿಸಿದರು. ಮೇಷ್ಟ್ರ ಹೆಂಡತಿ ಅಭ್ಯಾಸದಂತೆ ಗೇಟನ್ನು ಎತ್ತಿದರು, ಆದರೆ ಬಿಡಲಿಲ್ಲ. ಬೆನ್ನು ಬಗ್ಗಿಸಿ, ಶಬ್ದವಾಗದಂತೆ, ಹೊಸ್ತಿಲ ಮೇಲೆ ಇಟ್ಟರು.

ಸಂಜೆ ಐದಕ್ಕೆ ಬೇಕರಿ ಕೆಲಸಗಾರನ ಹೆಂಡತಿ ಠಾಣೆಗೆ ಬಂದಳು. ಕ್ವಾರಿ ಮ್ಯಾನೇಜರೂ ಮದ್ದು ಇಡುವವನೂ ಆ ಹೊತ್ತಿಗೆ ಜಾಮೀನಿನ ಮೇಲೆ ಮನೆಗೆ ಹೋಗಿಯಾಗಿತ್ತು. ನಿರ್ಲಕ್ಷ್ಯದ ಸಾವಿಗೆ ಠಾಣೆಯಲ್ಲೇ ಜಾಮೀನು ಸಿಗುತ್ತದೆ. ಸಾಕ್ಷ್ಯ ತಿದ್ದಿದ್ದಕ್ಕೆ ಸಿಗುವುದಿಲ್ಲ. ಒಳಗಿನ ಲಾಕಪ್ಪಿನಲ್ಲಿ ಉಳಿದಿದ್ದವರು ಮೇಷ್ಟ್ರೊಬ್ಬರೇ.

“ಬರೆದ್ರಾ ಸಾರ್?”

ಇನ್‌ಸ್ಪೆಕ್ಟರರು ಹೊಸ ವರದಿ ಕೊಟ್ಟರು. ಅವಳು ಕೊನೆಯ ಸಾಲಿಗೆ ಬೆರಳಿಟ್ಟು ಓದಿದಳು: ‘ಮಿತಿ ಮೀರಿದ ಸಿಡಿತದಿಂದ ಗೋಡೆ ಕುಸಿದು ಸಂಭವಿಸಿದ ಸಾವು.’ ಎರಡು ಸಲ ಓದಿ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡಳು. ಹಳೆಯ ಕಾಗದ ಮೇಜಿನ ಮೇಲೇ ಇತ್ತು.

“ಅದು ನಿಮ್ಮ ಹತ್ರಾನೇ ಇರಲಿ,” ಎಂದು ಹೇಳಿ ಹೋದಳು.

ಇನ್‌ಸ್ಪೆಕ್ಟರರು ಕೇಸ್ ಡೈರಿ ತೆರೆದರು. ಆರೋಪಿಯ ಉದ್ದೇಶ ಬರೆಯುವ ಜಾಗದಲ್ಲಿ ಪೆನ್ನು ನಿಂತಿತು. ಸಾಮಾನ್ಯವಾಗಿ ಅಲ್ಲಿ ದ್ವೇಷ, ದುರಾಸೆ, ಭಯ ಇವುಗಳಲ್ಲಿ ಒಂದು ಹೊಂದುತ್ತಿತ್ತು. ಅವರು ಬರೆದರು: ‘ತನ್ನ ಮಾತನ್ನು ಒಮ್ಮೆಯಾದರೂ ಯಾರಾದರೂ ನಂಬಲಿ ಎಂಬುದು.’ ಅದರ ಕೆಳಗೆ, ಯಾರೂ ಕೇಳದಿದ್ದರೂ, ಇನ್ನೊಂದು ಸಾಲು ಸೇರಿಸಿದರು: ‘ಇದೇ ಕ್ವಾರಿಯ ಬಗ್ಗೆ ಆರೋಪಿಯು ಹಿಂದೆ ಕೊಟ್ಟ ನೂರಾ ಹದಿನಾರು ಅರ್ಜಿಗಳನ್ನು ಈ ಠಾಣೆಯಲ್ಲಿ ಓದಿರಲಿಲ್ಲ.’ ಸಹಿ ಹಾಕಿ, ಸಮಯ ನಮೂದಿಸಿದರು: ಐದು ನಲವತ್ತು.

ಆಚೆ ಮೂಲೆಯಲ್ಲಿ ಬೀರು ಒಂದು ಕಡೆ ವಾಲಿ ಕಿರುಗುಟ್ಟಿತು. ದಫೇದಾರರು ಅದರ ಕಾಲಿನಡಿ ಇಡಲು ಬೇರೆ ಯಾವುದಾದರೂ ಕಾಗದ ಸಿಗುತ್ತದೋ ಎಂದು ಹುಡುಕುತ್ತಿದ್ದರು.